ಪದವನ್ನು ಒಡೆದು ಓದುವ ವಿದ್ಯೆ

ಪದವನ್ನು ಉಚ್ಚಾರಣೆಯ ತುಂಡುಗಳಾಗಿ ಒಡೆದು ಓದಿಸುವ ಕ್ರಮ ಇಂಗ್ಲಿಷಿನೊಡನೆ ನಮಗೆ ಬಂದ ಹೊಸ ವಿದ್ಯೆಯೆಂದು ಅನೇಕರು ಭಾವಿಸುತ್ತಾರೆ. ಈ ತುಂಡಿಗೆ ಇಂಗ್ಲಿಷರು ಸಿಲಬಲ್ ಎನ್ನುತ್ತಾರೆ. ಆದರೆ ಇದರ ಚರಿತ್ರೆಯ ಒಂದು ಎಳೆ ದೇವಸಮುದ್ರವಿರುವ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೆಯೇ ಇದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಅಲ್ಲಿಯ ಬ್ರಾಹ್ಮಿಯಲ್ಲಿ ವ್ಯಂಜನವೂ ಸ್ವರವೂ ಕೂಡಿ ಒಂದೇ ಗುರುತಾಗುತ್ತವೆ. ನಮ್ಮ ಕಾಗುಣಿತದ ಬೇರು ಅದೇ. ಆದರೆ ಬ್ರಹ್ಮಗಿರಿಯ ಲಿಪಿಕಾರ ಚಪಡನು ಕೆತ್ತಿಸಿದ್ದು 'ಅಯಪುತಸ' ಎಂದು. ನಾಲಿಗೆಯಲ್ಲಿ ಅದು 'ಅಯ್ಯಪುತ್ತಸ್ಸ'. ಒತ್ತನ್ನು ಓದುಗನೇ ಸೇರಿಸಿಕೊಳ್ಳಬೇಕಿತ್ತು. ಬರೆಹಕ್ಕೂ ಉಚ್ಚಾರಣೆಗೂ ನಡುವಿನ ಅಂತರ ಇಂಗ್ಲಿಷಿಗೆ ಮಾತ್ರ ಅಂಟಿದ ದೋಷವಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ.

ಮುಂದೆ ನಾವು ಒತ್ತಕ್ಷರವನ್ನು ಬರೆಯತೊಡಗಿದೆವು. ಆದರೂ 'ಅಕ್ಕ' ಎಂಬುದು ಕಾಗದದ ಮೇಲೆ ಅ-ಕ್ಕ, ಬಾಯಲ್ಲಿ ಅಕ್-ಕ. ಛಂದಸ್ಸಿನವರು ಇದನ್ನು ಬಲ್ಲವರಾಗಿದ್ದರು; ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂದು ವಿಧಿಸಿದ್ದು ಕಿವಿಯ ಲೆಕ್ಕದಿಂದಲೇ.

ಇಂಗ್ಲಿಷಿನಲ್ಲಿ ಕಿವಿಗೆ ಈ ಮನ್ನಣೆ ಕೊಟ್ಟವರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್ ಪ್ರಮುಖ. 1783ರ ತಮ್ಮ ಕಾಗುಣಿತದ ಪುಸ್ತಕದಲ್ಲಿ ಅವರು, ಹಿಂದಿನವರು 'ಕ್ಲ-ಸ್ಟರ್' ಎಂದು ಒಡೆಯುತ್ತಿದ್ದುದನ್ನು 'ಕ್ಲಸ್-ಟರ್' ಎಂದು ತಿದ್ದಿದರು. ಇದರ ಪ್ರಯೋಜನ ಸಣ್ಣದಲ್ಲ. ತುಂಡು ಸ್ವರದಲ್ಲಿ ನಿಂತರೆ ಆ ಸ್ವರ ಸಾಮಾನ್ಯವಾಗಿ ನೀಳ. ವ್ಯಂಜನದಲ್ಲಿ ನಿಂತರೆ ಮೊಟಕು. ಒಂದು 'ಎನ್' ಇದ್ದರೆ ಡೈ-ನರ್, ಎರಡಿದ್ದರೆ ಡಿನ್-ನರ್. ಆ ಎರಡನೆಯ 'ಎನ್' ಇಂಗ್ಲಿಷರ ಬಾಯಲ್ಲಿ ಕೇಳಿಸುವುದಿಲ್ಲ. ಹಿಂದಿನ ಸ್ವರವನ್ನು ಕಾಯುವುದಷ್ಟೇ ಅದರ ಕೆಲಸ. ನಮ್ಮ ಹುಡುಗರು ಅದನ್ನು ಒತ್ತೆಂದು ತಿಳಿದು ಒತ್ತಿಯೇ ನುಡಿಯುತ್ತಾರೆ.

'ಇಸ್ಕೂಲು' ಎಂದ ಹಳ್ಳಿಯ ಮಗುವನ್ನು ಕಂಡು ನಗುವವರನ್ನು ನಾನು ಬಹಳ ನೋಡಿದ್ದೇನೆ. ಇಂಗ್ಲಿಷಿನ ಒಂದೇ ತುಂಡನ್ನು ಆ ಮಗು ಇಸ್-ಕೂ-ಲು ಎಂದು ಮೂರು ಮಾಡುತ್ತದೆ. ಸಂಸ್ಕೃತದ 'ಸ್ತ್ರೀ' ಪ್ರಾಕೃತದಲ್ಲಿ 'ಇತ್ಥೀ' ಆದದ್ದೂ ಇಂಥದೇ ದಾರಿಯಲ್ಲಿ. ಪ್ರಾಕೃತದಲ್ಲಿ ಅದನ್ನು ವ್ಯಾಕರಣವೆಂದು ಗೌರವಿಸುವ ನಾವು ಮಗುವಿನ ಬಾಯಲ್ಲಿ ಅದನ್ನು ದಡ್ಡತನವೆನ್ನುವುದು ನ್ಯಾಯವಲ್ಲ. ಅಕ್ಷರಗಳ ಹೆಸರನ್ನು ಸಾಲಾಗಿ ಉರುಹೊಡೆಸುವ ಬದಲು ಚಪ್ಪಾಳೆ ತಟ್ಟಿ ತುಂಡುಗಳನ್ನು ಎಣಿಸಲು ಕಲಿಸಿದರೆ, ಆ ಮಗು ತನ್ನ ನುಡಿಯ ನಿಯಮವನ್ನೂ ಪರನುಡಿಯ ನಿಯಮವನ್ನೂ ಒಟ್ಟಿಗೇ ತಿಳಿದೀತು.