ಬೆಸ್ಟ್ ಫಿಟ್ ಮುಚ್ಚಿಡುವ ದೋಷ: ಪಾಯಿಂಟ್ ಕ್ಲೌಡನ್ನು ಕ್ಯಾಡ್ ಮಾದರಿಯ ಮೇಲೆ ಕೂರಿಸುವ ಬಗೆ

ಲೇಸರ್ ಸ್ಕ್ಯಾನರ್ ಒಂದು ಯಂತ್ರಭಾಗದ ಮೈಯಿಂದ ಹೆಕ್ಕಿ ತರುವ ಲಕ್ಷಾಂತರ ಬಿಂದುಗಳನ್ನು ಸಾಮಾನ್ಯವಾಗಿ ಸ್ಕ್ಯಾನರ್ ತನ್ನನ್ನೇ ಮೂಲವಾಗಿಟ್ಟುಕೊಂಡು ಅಳೆದಿರುತ್ತದೆ. ಅದೇ ಭಾಗದ ಕ್ಯಾಡ್ ಮಾದರಿಯ ಮೂಲಬಿಂದು ವಿನ್ಯಾಸಕ ಇಟ್ಟಲ್ಲಿ ಇರುತ್ತದೆ. ಎರಡನ್ನೂ ಒಂದೇ ಚೌಕಟ್ಟಿಗೆ ತರಲು ಆರು ಅಜ್ಞಾತಗಳನ್ನು ಕಂಡುಹಿಡಿಯಬೇಕು: ಮೂರು ದಿಕ್ಕಿನ ಸರಿತ, ಮೂರು ಅಕ್ಷದ ತಿರುಗುವಿಕೆ. ಇಂದಿನ ತಂತ್ರಾಂಶಗಳಲ್ಲಿ ಇದು ‘ಬೆಸ್ಟ್ ಫಿಟ್’ ಎಂಬ ಒಂದು ಗುಂಡಿ ಒತ್ತುವ ಕೆಲಸ. ಒತ್ತಿದ ಮೇಲೆ ಆರ್‌ಎಂಎಸ್ ದೋಷವೆಂಬ ಸಂಖ್ಯೆಯೊಂದು ಪರದೆಯ ಮೇಲೆ ಬರುತ್ತದೆ. ಅದು ಚಿಕ್ಕದಿದ್ದರೆ ಹೊಂದಾಣಿಕೆ ಸರಿಯಾಗಿದೆ ಎಂದುಕೊಂಡು ಮುಂದಿನ ಕೆಲಸಕ್ಕೆ ಹೋಗುವುದು ರೂಢಿ. ತಪಾಸಣೆಯ ಮಟ್ಟಿಗೆ ಈ ರೂಢಿಗೆ ಆಧಾರವಿಲ್ಲ, ಎಷ್ಟೋ ಸಲ ಹುಡುಕಬೇಕಾದ ದೋಷವನ್ನು ಅಡಗಿಸಿಯೇ ಆ ಸಂಖ್ಯೆ ಚಿಕ್ಕದಾಗಿರುತ್ತದೆ ಎಂಬುದು ಈ ಲೇಖನದ ವಾದ.

ಯಾವ ಬಿಂದುವಿಗೆ ಯಾವುದು ಜೋಡಿ ಎಂದು ಮೊದಲೇ ಗೊತ್ತಿದ್ದರೆ ಗಣಿತ ಸುಲಭ. 1976ರಲ್ಲಿ ಕಾಬ್ಶ್ ಸ್ಫಟಿಕ ವಿಜ್ಞಾನಕ್ಕಾಗಿ ಇದಕ್ಕೆ ನೇರ ಪರಿಹಾರ ಕೊಟ್ಟರು. 1987ರಲ್ಲಿ ಹಾರ್ನ್ ಕ್ವಾಟರ್ನಿಯನ್ ಮಾರ್ಗದಿಂದ, ಅದೇ ವರ್ಷ ಅರುಣ್, ಹುವಾಂಗ್ ಮತ್ತು ಬ್ಲಾಸ್ಟೀನ್ ಮಾತೃಕೆಯ ವಿಭಜನೆಯಿಂದ ಅದನ್ನು ಬಿಡಿಸಿದರು. ಸ್ಕ್ಯಾನ್‌ನಲ್ಲಿ ಜೋಡಿಗಳು ಗೊತ್ತಿರುವುದಿಲ್ಲ ಎಂಬುದೇ ತೊಡಕು. ಜನರಲ್ ಮೋಟರ್ಸ್ ಸಂಶೋಧನಾಲಯದ ಪಾಲ್ ಬೆಸ್ಲ್ ಮತ್ತು ನೀಲ್ ಮೆಕ್‌ಕೇ 1992ರಲ್ಲಿ ಪ್ರಕಟಿಸಿದ ಐಸಿಪಿ (ಇಟರೇಟಿವ್ ಕ್ಲೋಸೆಸ್ಟ್ ಪಾಯಿಂಟ್) ವಿಧಾನ ಈ ತೊಡಕನ್ನು ಧೈರ್ಯವಾಗಿ ದಾಟಿತು: ಅತಿ ಹತ್ತಿರದ ಬಿಂದುವೇ ಜೋಡಿ ಎಂದು ಊಹಿಸು, ಸರಿಸು, ಮತ್ತೆ ಊಹಿಸು. ಫಿಕ್ಸ್ಚರಿನಲ್ಲಿ ಬಿಗಿಯದ ಭಾಗವನ್ನು ತಪಾಸಣೆಗೆ ಮುನ್ನ ಆದರ್ಶ ಮಾದರಿಯ ಮೇಲೆ ಕೂರಿಸುವುದು ತಮ್ಮ ವಿಧಾನದ ಮುಖ್ಯ ಉಪಯೋಗವೆಂದು ಅವರೇ ಹೇಳಿದ್ದಾರೆ. ಯಾವ ಸುತ್ತಿನಲ್ಲೂ ದೋಷ ಏರುವುದಿಲ್ಲ ಎಂಬುದಕ್ಕೆ ಅವರು ಸಾಧನೆ ಕೊಟ್ಟರು. ಆದರೆ ಅದು ತಲುಪುವುದು ಹತ್ತಿರದ ಕನಿಷ್ಠವನ್ನು. ಎಲ್ಲಕ್ಕಿಂತ ಕೆಳಗಿನ ಕನಿಷ್ಠವನ್ನೇ ತಲುಪುತ್ತದೆಂಬ ಖಾತರಿಯಿಲ್ಲ. ಹೆಚ್ಚುಕಡಿಮೆ ಸಮ್ಮಿತಿಯಿರುವ ಭಾಗ ತಲೆಕೆಳಗಾಗಿ ಬಂದರೆ ತಲೆಕೆಳಗಾಗಿಯೇ ನೆಮ್ಮದಿಯಾಗಿ ಕೂರುತ್ತದೆ. ಮೊದಲು ಮೂರು ಬಿಂದುಗಳನ್ನು ಕೈಯಿಂದ ಗುರುತಿಸಿ ಎಂದು ತಂತ್ರಾಂಶ ಕೇಳುವುದು ಇದಕ್ಕೇ.

ಮೊದಲ ಸ್ಥಾನ ಸರಿಯಾಗಿಯೇ ಇತ್ತು ಎಂದುಕೊಂಡರೂ ನಿಜವಾದ ಸಮಸ್ಯೆ ಹಾಗೆಯೇ ಉಳಿಯುತ್ತದೆ. 200 ಮಿಲಿಮೀಟರ್ ಉದ್ದದ ಚಪ್ಪಟೆ ತಟ್ಟೆಯೊಂದು ನಟ್ಟನಡುವೆ 1 ಡಿಗ್ರಿ ಬಾಗಿದೆ ಎನ್ನೋಣ. ಬಾಗದ ಅರ್ಧವನ್ನು ಆಧಾರವಾಗಿ ಹಿಡಿದರೆ ಆ ಅರ್ಧದಲ್ಲಿ ವಿಚಲನೆ ಸೊನ್ನೆ, ಇನ್ನೊಂದು ತುದಿಯಲ್ಲಿ 1.75 ಮಿಲಿಮೀಟರ್. ಈಗ ಅದೇ ತಟ್ಟೆಯನ್ನು ಬೆಸ್ಟ್ ಫಿಟ್‌ಗೆ ಒಪ್ಪಿಸೋಣ. ಕನಿಷ್ಠ ವರ್ಗ ವಿಧಾನ ತಟ್ಟೆಯನ್ನು ಅರ್ಧ ಡಿಗ್ರಿ ಓರೆಮಾಡಿ, ಬಾಗನ್ನು ಎರಡು ಬದಿಗೂ ಸಮನಾಗಿ ಹಂಚುತ್ತದೆ: ಎರಡೂ ತುದಿಗಳು ಸುಮಾರು 0.44 ಮಿಲಿಮೀಟರ್ ಮೇಲೆ, ನಡುವಿನ ಗೆರೆ ಅಷ್ಟೇ ಕೆಳಗೆ. ಆರ್‌ಎಂಎಸ್ ದೋಷ 0.71ರಿಂದ 0.25ಕ್ಕೆ ಇಳಿಯುತ್ತದೆ. ನಕ್ಷೆ ಅನುಮತಿಸುವ ವ್ಯತ್ಯಾಸ 0.5 ಮಿಲಿಮೀಟರ್ ಆಗಿದ್ದರೆ ಮೊದಲ ವಿಧಾನದಲ್ಲಿ ತಿರಸ್ಕೃತವಾದ ತಟ್ಟೆ ಎರಡನೆಯದರಲ್ಲಿ ಪಾಸಾಗುತ್ತದೆ. ಬಾಗಿದ್ದು ಒಂದು ಅರ್ಧ ಮಾತ್ರ ಎಂಬ ಸುಳಿವೂ ವರದಿಯಲ್ಲಿ ಇರುವುದಿಲ್ಲ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಬಂದಿದೆ. ಪ್ರಶ್ನೆಯೇ ಬೇರೆಯಾಗಿತ್ತು. (ಗ್ರಾಹಕನಿಗೆ ಹಸಿರು ಬಣ್ಣದ ನಕ್ಷೆ ತೋರಿಸುವ ಆತುರ ಇದ್ದವರಿಗೆ ಈ ಪ್ರಶ್ನೆಯೇ ಅನುಕೂಲ ಎಂಬುದು ಬೇರೆ ಮಾತು.)

ವಿನ್ಯಾಸ ನಕ್ಷೆಯ ಭಾಷೆಯಲ್ಲಿ ಇದಕ್ಕೆ ಉತ್ತರ ಬಹುಕಾಲದಿಂದ ಇದೆ. ಐಎಸ್‌ಒ 5459 ಮತ್ತು ಎಎಸ್‌ಎಂಇ ವೈ14.5 ಮಾನಕಗಳು ಹೇಳುವ ಡೇಟಮ್ (ಆಧಾರ ಮೇಲ್ಮೈ) ಕ್ರಮದಲ್ಲಿ ಮೊದಲ ಮೇಲ್ಮೈ ಮೂರು ಚಲನೆಗಳನ್ನು ಕಟ್ಟಿಹಾಕಿದರೆ ಎರಡನೆಯದು ಎರಡನ್ನು, ಮೂರನೆಯದು ಉಳಿದ ಒಂದನ್ನು ಕಟ್ಟುತ್ತದೆ. ಶಾಪ್ ಫ್ಲೋರಿನಲ್ಲಿ 3-2-1 ಎನ್ನುವುದು ಇದನ್ನೇ. ಭಾಗ ಕೊನೆಗೆ ಯಾವ ಮೈಯ ಮೇಲೆ ಕುಳಿತು ಕೆಲಸ ಮಾಡುತ್ತದೋ ಆ ಮೈಯೇ ಅಳತೆಗೂ ಆಧಾರ. ಇದರ ಆರ್‌ಎಂಎಸ್ ಬೆಸ್ಟ್ ಫಿಟ್‌ಗಿಂತ ಎಂದೂ ಕಡಿಮೆಯಾಗದು, ಹಾಗಾಗಲಿ ಎಂದು ನಿರೀಕ್ಷಿಸುವುದೂ ಸಲ್ಲದು.

ಹಾಗೆಂದು ಬೆಸ್ಟ್ ಫಿಟ್ ಎಲ್ಲೆಡೆ ನಿಷಿದ್ಧವಲ್ಲ. ಬೆಳಗಾವಿಯಂಥ ಫೌಂಡ್ರಿ ಊರಿನಲ್ಲಿ ಅಚ್ಚಿನಿಂದ ಆಗತಾನೇ ಹೊರಬಂದ ಎರಕಕ್ಕೆ ನಂಬಬಹುದಾದ ಮೈಯೇ ಇರುವುದಿಲ್ಲ. ಅಲ್ಲಿ ತಿಳಿಯಬೇಕಾದದ್ದು ಮೆಷಿನಿಂಗ್‌ಗೆ ಎಲ್ಲ ಕಡೆಯೂ ಸಾಕಷ್ಟು ಲೋಹ ಉಳಿದಿದೆಯೇ ಎಂದು. ಸರ್ಫೇಸ್ ಪ್ಲೇಟಿನ ಮೇಲೆ ಹೈಟ್ ಗೇಜ್ ಹಿಡಿದು ಮಾರ್ಕಿಂಗ್ ಮಾಡುವ ಕುಶಲಿ ಒಂದು ಬದಿಯ ಹೆಚ್ಚುವರಿಯನ್ನು ಇನ್ನೊಂದು ಬದಿಗೆ ಹಂಚುತ್ತಾನೆ. ಯಾವ ಬಿಂದುವೂ ಮಾದರಿಯ ಒಳಗೆ ಹೋಗಬಾರದೆಂಬ ನಿರ್ಬಂಧ ಸೇರಿಸಿದ ಬೆಸ್ಟ್ ಫಿಟ್ ಮಾಡುವುದೂ ಇದನ್ನೇ.

ಆಕಾರವೇ ಮಾಹಿತಿ ಕೊಡದ ಸಂದರ್ಭಗಳೂ ಉಂಟು. ತುದಿಗಳು ಸ್ಕ್ಯಾನಿನಲ್ಲಿ ಇಲ್ಲದ ಉರುಳೆಯಾಕಾರದ ಶಾಫ್ಟ್ ತನ್ನ ಅಕ್ಷದ ಸುತ್ತ ತಿರುಗಿದರೂ ಅಕ್ಷದುದ್ದಕ್ಕೆ ಜಾರಿದರೂ ದೋಷ ಬದಲಾಗುವುದಿಲ್ಲ. ಆರರಲ್ಲಿ ಎರಡು ಅಜ್ಞಾತಗಳು ಅಜ್ಞಾತವಾಗಿಯೇ ಉಳಿಯುತ್ತವೆ. ತಿರುಗುವಿಕೆಯನ್ನು ನಿರ್ಧರಿಸಬಲ್ಲದ್ದು ಒಂದು ಕೀವೇ ಮಾತ್ರ, ಅದರ ಬೆರಳೆಣಿಕೆಯ ಬಿಂದುಗಳು ಉರುಳೆಯ ಸಾವಿರಾರು ಬಿಂದುಗಳ ಗದ್ದಲದಲ್ಲಿ ಮುಳುಗುತ್ತವೆ. ಗೆಲ್‌ಫ್ಯಾಂಡ್ ಮತ್ತು ಸಂಗಡಿಗರು 2003ರಲ್ಲಿ ಸೂಚಿಸಿದಂತೆ, ಜಾರುವಿಕೆಯನ್ನು ತಡೆಯಬಲ್ಲ ಬಿಂದುಗಳನ್ನೇ ಹೆಚ್ಚಾಗಿ ಆರಿಸಬೇಕು.

ಕಟ್ಟಡಗಳ ಸ್ಕ್ಯಾನಿನಲ್ಲಿ ಇನ್ನೊಂದು ಬಲೆ ಇದೆ. ಸರ್ವೆ ನಿರ್ದೇಶಾಂಕದಲ್ಲಿ ಬೆಂಗಳೂರಿನ ಯುಟಿಎಂ ಉತ್ತರ ಅಂಕಿ 14 ಲಕ್ಷ ಮೀಟರ್ ದಾಟುತ್ತದೆ. 32 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗೆ ಅಷ್ಟು ದೊಡ್ಡ ಅಂಕಿಯಲ್ಲಿ 12.5 ಸೆಂಟಿಮೀಟರಿಗಿಂತ ಸಣ್ಣ ಹೆಜ್ಜೆ ಇಡಲು ಬರುವುದಿಲ್ಲ. ಮಿಲಿಮೀಟರ್ ನಿಖರತೆಯ ಸ್ಕ್ಯಾನ್ ಕಡತ ತೆರೆಯುವಾಗಲೇ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಕ್ಲೌಡ್‌ಕಂಪೇರ್ ತಂತ್ರಾಂಶ ಇದಕ್ಕಾಗಿಯೇ ದೊಡ್ಡ ಸಂಖ್ಯೆಯೊಂದನ್ನು ಆರಂಭದಲ್ಲೇ ಕಳೆಯುವ ಸೂಚನೆ ಮುಂದಿಡುತ್ತದೆ. ಅದನ್ನು ನಿರಾಕರಿಸಿದರೆ ಮುಂದಿನ ಯಾವ ಹೊಂದಾಣಿಕೆಯೂ ಕಳೆದುಹೋದ ನಿಖರತೆಯನ್ನು ಮರಳಿ ತರಲಾರದು.

ವಿಚಲನೆಯ ನಕ್ಷೆ ಪ್ರಕಟಿಸುವವರು ಯಾವ ಮೇಲ್ಮೈಗಳನ್ನು ಆಧಾರವಾಗಿ ಹಿಡಿದರು, ಯಾವುದನ್ನು ಬಿಟ್ಟರು, ಮೊದಲ ಸ್ಥಾನವನ್ನು ಹೇಗೆ ಕೊಟ್ಟರು ಎಂಬುದನ್ನು ಅದರ ಕೆಳಗೇ ಬರೆಯಬೇಕು. ಈ ಮೂರು ಸಾಲುಗಳಿಲ್ಲದ ನಕ್ಷೆಯನ್ನು ಅಳತೆಯೆಂದು ಒಪ್ಪಬೇಕಾದ ಹಂಗು ಪರಿಶೀಲಕರಿಗಿಲ್ಲ.