ಮತ್ಸ್ಯವಿನೋದ

ಕಾಲೇಜಿನಲ್ಲಿ ಇಂಗ್ಲಿಷ್ ಗದ್ಯವನ್ನು ಓದಿದವರಿಗೆ ಐಸಾಕ್ ವಾಲ್ಟನ್ನನ ಹೆಸರು ಹೊಸದಲ್ಲ. 1653ರಲ್ಲಿ ಅಚ್ಚಾದ ಆತನ ಗ್ರಂಥದಲ್ಲಿ ಪೈಕ್ ಎಂಬ ಮೀನಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಪೈಕ್ ಜೊಂಡಿನ ಮರೆಯಲ್ಲಿ ಕದಲದೆ ಹೊಂಚುಹಾಕಿ, ಸಣ್ಣ ಮೀನು ಬಳಿಯಲ್ಲಿ ಸುಳಿದೊಡನೆ ಬಾಣದಂತೆ ಎರಗುವ ಪ್ರಾಣಿ. ಅದನ್ನು ಎಲ್ಲಿ ಹುಡುಕಬೇಕು, ಯಾವ ಎರೆಯಿಂದ ಮರುಳುಮಾಡಬೇಕು ಎಂಬುದನ್ನು ವಾಲ್ಟನ್ನನು ಬಹು ರಸವತ್ತಾಗಿ ಹೇಳುತ್ತಾನೆ. ಪೈಕ್ ಶೀತದೇಶಗಳ ಮೀನು. ನಮ್ಮ ಹೊಳೆಗಳಲ್ಲಿ ಅದಿಲ್ಲ. ಆದರೂ ಹರಿಹರದ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡುವಾಗ ನಮ್ಮಂಥ ಇಂಗ್ಲಿಷ್ ಓದಿದವರಿಗೆ ನೆನಪಾಗುವವನು ವಾಲ್ಟನ್ನನೇ. ಇದು ನಾಚಿಕೆಪಡಬೇಕಾದ ಸಂಗತಿಯೆಂದು ನನ್ನ ಮತ. ಏಕೆಂಬುದನ್ನು ನಿವೇದಿಸುತ್ತೇನೆ.

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1126ರಿಂದ 1138ರವರೆಗೆ ಆಳಿದನು. ಭೂಲೋಕಮಲ್ಲನೆಂಬುದು ಅವನ ಬಿರುದು. ಉಚ್ಚಂಗಿಯ ಪಾಂಡ್ಯರು ಅವನ ಸಾಮಂತರಾದುದರಿಂದ ಈ ಹರಿಹರ ದಾವಣಗೆರೆಗಳ ಸೀಮೆಯೂ ಅವನ ಆಳ್ವಿಕೆಗೆ ಒಳಪಟ್ಟಿತ್ತು. 1129ರ ಸುಮಾರಿನಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಹೆಸರುಂಟು. ರಾಜನೀತಿ, ವೈದ್ಯ, ಅಡುಗೆ, ಸಂಗೀತ, ಆನೆ ಕುದುರೆಗಳ ಲಕ್ಷಣ, ಹೀಗೆ ನೂರು ವಿಷಯಗಳನ್ನು ವಿವರಿಸುವ ಆ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವೊಂದಿದೆ. ಅದು ಗಾಳ ಹಾಕುವ ವಿದ್ಯೆ. ಹೊಟ್ಟೆಯ ಪಾಡಿಗಾಗಿ ಅಲ್ಲ, ಹೆಸರೇ ಹೇಳುವಂತೆ ವಿನೋದಕ್ಕಾಗಿ.

ಇಂಗ್ಲೆಂಡಿನಲ್ಲಿ ಗಾಳವನ್ನು ಕುರಿತ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಸೋಮೇಶ್ವರನು ಅದಕ್ಕೆ 367 ವರ್ಷ ಹಿಂದಿನವನು.

ಆ ಅಧ್ಯಾಯದಲ್ಲಿ ಸುಮಾರು 35 ಬಗೆಯ ಮೀನುಗಳ ಹೆಸರು ಬರುತ್ತವೆ. ಅರಸನು ಅವುಗಳನ್ನು ಸಮುದ್ರದವು, ಹೊಳೆಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ, ಗಾತ್ರದ ಮೇಲೂ ವಿಂಗಡಿಸಿದ್ದಾನೆ. ಬಳಿಕ ಯಾವುದು ಎಲ್ಲಿ ವಾಸಿಸುವುದು, ಯಾವುದಕ್ಕೆ ಏನು ಉಣಿಸಬೇಕು ಎಂಬುದು. ಕೆಲವಕ್ಕೆ ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ. ಗಾಳ ಹಾಕುವುದಕ್ಕೆ ಮುಂಚೆ ಮೀನನ್ನು ಉಣಿಸಿ ಸ್ಥಳಕ್ಕೆ ಒಲಿಸಿಕೊಳ್ಳಬೇಕೆಂಬುದೇ ಇದರ ತಿರುಳು. ಇದು ಅರಮನೆಯ ಕಲ್ಪನೆಯಲ್ಲ. ಶೃಂಗೇರಿಯಲ್ಲಿ ಭಕ್ತರು ಎರಚುವ ಮಂಡಕ್ಕಿಗೆ ತುಂಗೆಯ ಮೀನುಗಳು ಮೆಟ್ಟಿಲಿನವರೆಗೆ ಬಂದು ಮುತ್ತುವುದನ್ನು ಕಂಡವರಿಗೆ ಇದರ ಸತ್ಯ ತಿಳಿದೇ ಇದೆ. ಅಲ್ಲಿ ಗಾಳವಿಲ್ಲ, ಅಷ್ಟೆ.

ನಮ್ಮ ಸೀಮೆಯ ನೀರಿನಲ್ಲಿ ಪೈಕ್ ಮೀನಿನ ಸ್ವಭಾವದವು ಎರಡುಂಟು. ಬಾಳೆಮೀನು ಹುರುಪೆಯಿಲ್ಲದ್ದು, ಅಗಲವಾದ ಬಾಯಿ, ಸಾಲುಸಾಲು ಹಲ್ಲು. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಾಗಿ ಉಳಿದಾಗ ಅದು ಆಳದಲ್ಲಿ, ದಡದ ಪೊಟರೆಯ ಕೆಳಗೆ ಹಗಲನ್ನು ಕಳೆದು, ಕತ್ತಲಾದ ಮೇಲೆ ಬೇಟೆಗೆ ಹೊರಡುವುದು. ಆದುದರಿಂದ ಸಣ್ಣ ಮೀನನ್ನು ಎರೆಯಾಗಿ ಕಟ್ಟಿ ಸಂಜೆಯ ಮೇಲೆ ಗಾಳ ಬಿಡುವುದು ಯುಕ್ತ. ಎರಡನೆಯದು ಕೊರವ. ಇದು ಕೆರೆಯ ಮೀನು. ಜೊಂಡು, ತಾವರೆ ಬೆಳೆದ ನಿಂತ ನೀರು ಇದಕ್ಕೆ ಪ್ರಿಯ. ಗಾಳಿಯನ್ನು ಸೇವಿಸಲು ಆಗಾಗ ಮೇಲಕ್ಕೆ ಬರಬೇಕಾದುದರಿಂದ ತಾನಿರುವ ಎಡೆಯನ್ನು ತಾನೇ ತೋರಿಸಿಕೊಡುವುದು. ಕಪ್ಪೆಯನ್ನು ಕಟ್ಟಿದ ಗಾಳವನ್ನು ಜೊಂಡಿನ ಅಂಚಿನಲ್ಲಿ ಮೆಲ್ಲನೆ ಎಳೆದರೆ ಎರಗದೆ ಬಿಡದು. ಆದರೆ ನೀರಿನ ಮೇಲೆ ಮರಿಗಳ ಗುಂಪು ಕಂಡಿತೋ, ಅಲ್ಲಿ ಗಾಳ ಹಾಕಬಾರದು. ತಾಯಿತಂದೆಗಳು ಮರಿಗಳನ್ನು ಕಾಯುತ್ತ ಕೆಳಗೇ ಇರುತ್ತವೆ. ಆಗ ಅವುಗಳನ್ನು ಹಿಡಿಯುವುದು ಅತಿ ಸುಲಭ. ಹಿಡಿದರೆ ಇಡೀ ಸಂಸಾರವೇ ನಾಶ. ಅದನ್ನು ವಿನೋದವೆಂದು ಕರೆಯಲು ನನಗೆ ಮನಸ್ಸೊಪ್ಪದು.

ಇನ್ನು ಬಿಳಿಮೀನು, ಎಂದರೆ ಆಂಗ್ಲೇಯರ ಮಹಶೀರ್, ಬಂಡೆಗಳ ನಡುವಣ ವೇಗದ ನೀರಿನದು. ಕಾವೇರಿಯಲ್ಲಿ ದೊರೆಗಳು ಇದಕ್ಕೆ ಕಟ್ಟುತ್ತಿದ್ದ ಎರೆ ಯಾವುದು? ನಮ್ಮ ರಾಗಿಹಿಟ್ಟಿನ ಉಂಡೆ! 1946ರಲ್ಲಿ ವ್ಯಾನ್ ಇಂಗನ್ ಎಂಬ ಮೈಸೂರಿನವರು ಕಪಿಲೆಯಲ್ಲಿ 120 ಪೌಂಡಿನ ಮಹಶೀರನ್ನು ಹಿಡಿದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಥಾಮಸ್ ಎಂಬವರು 1873ರಲ್ಲಿಯೇ ಭಾರತದ ಗಾಳವಿದ್ಯೆಯ ಮೇಲೆ ಪುಸ್ತಕ ಬರೆದಿದ್ದರು.

ಮೀನುಗಳ ಚರಿತ್ರೆಯಲ್ಲಿ ಈ ದಾರಿಯಲ್ಲೇ ನಡೆದುಹೋದ ಮತ್ತೊಬ್ಬನಿದ್ದಾನೆ. ಟಿಪ್ಪುವಿನ ಪತನಾನಂತರ ಕಂಪನಿಯವರು ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹರಿಹರವನ್ನು ನೋಡಿ, ದಾವಣಗೆರೆಯ ಕಂಬಳಿಯ ವ್ಯಾಪಾರವನ್ನು ವಿವರವಾಗಿ ಬರೆದುಕೊಂಡು, ಚಿತ್ರದುರ್ಗದ ಮೇಲೆ ಹಿರಿಯೂರಿಗೆ ಹೋದನು. ಅಲ್ಲಿ ವೇದಾವತಿಯ ಎರಡು ಮೀನುಗಳನ್ನು ಅವನು ವರ್ಣಿಸಿದನು. 1807ರಲ್ಲಿ ಅವನ ಪ್ರವಾಸಗ್ರಂಥ ಅಚ್ಚಾದಾಗ ಅವು ಚಿತ್ರಸಮೇತ ಶಾಸ್ತ್ರಕ್ಕೆ ಸೇರಿದವು. ಗಂಗಾನದಿಯ ಮೀನುಗಳ ಮೇಲೆ 1822ರಲ್ಲಿ ಮಹಾಗ್ರಂಥ ಪ್ರಕಟಿಸಿದವನೂ ಇವನೇ. ವೇದಾವತಿಯ ಆ ಎರಡನ್ನು ನೀರಿನಿಂದ ಎತ್ತಿಕೊಟ್ಟವರು ಯಾರೋ! ಬೆಸ್ತರ ಹೆಸರು ಇಂಥ ಗ್ರಂಥಗಳಲ್ಲಿ ಬರುವ ಪದ್ಧತಿ ಇರಲಿಲ್ಲ.

ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು 1897ರ ಕಾಯಿದೆಯೇ ನಿಷೇಧಿಸಿತ್ತು. ಆದರೆ ಗಾಳಕ್ಕಿಂತಲೂ ಬಲೆಗಿಂತಲೂ ದೊಡ್ಡ ಅಪಾಯ ಬಂದದ್ದು ಕಾರ್ಖಾನೆಯ ಕೊಳಚೆಯಿಂದ. 1980ರ ದಶಕದಲ್ಲಿ ಹರಿಹರದಿಂದ ಕೆಳಗೆ ತುಂಗಭದ್ರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ದಡದ ಜನರು ಚಳವಳಿ ಹೂಡಬೇಕಾಯಿತು. ಮೊದಲು ಅನ್ನ ಕಳೆದುಕೊಂಡವರು ಹರಿಗೋಲಿನ ಬೆಸ್ತರು.

ಮಾನಸೋಲ್ಲಾಸದ ಮೀನುಗಳು ಇಂದಿನ ಯಾವ ಜಾತಿಯವೆಂದು ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರರು 1951ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗುರುತಿಸಲು ಯತ್ನಿಸಿದರು. ಆ 35 ಹೆಸರುಗಳ ಪಟ್ಟಿಯನ್ನು ಹಿಡಿದು, ಸೂಳೆಕೆರೆಯ ಏರಿಯಿಂದ ಹೊರಟು, ಹರಿದ್ರಾನದಿಯ ಜಾಡಿನಲ್ಲಿ ನಡೆದು, ಅದು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುವವರೆಗೂ ಒಂದೊಂದು ಮಡುವಿನಲ್ಲಿ ಮುದುಕರಾದ ಬೆಸ್ತರ ಪಕ್ಕದಲ್ಲಿ ಕುಳಿತು ಕೇಳುವ ತರುಣರು ನಮ್ಮ ಕಾಲೇಜುಗಳಲ್ಲಿ ಇದ್ದಾರು. ಹೋಗುವಾಗ ವಾಲ್ಟನ್ನನನ್ನು ಮನೆಯಲ್ಲಿಯೇ ಬಿಟ್ಟು ಹೋಗಬಹುದು.