ಕೆಟಮೈನ್ ಚಿಕಿತ್ಸೆ

ಕೆಟಮೈನ್ ಚಿಕಿತ್ಸೆಯು, ಅರಿವಳಿಕೆಯ ಔಷಧವಾದ ಕೆಟಮೈನನ್ನು ಪ್ರಜ್ಞೆ ತಪ್ಪಿಸದಷ್ಟು ಅಲ್ಪಪ್ರಮಾಣದಲ್ಲಿ ನೀಡಿ, ಅನ್ಯ ಔಷಧಗಳಿಗೆ ಮಣಿಯದ ಖಿನ್ನತೆಯನ್ನು ಶಮನಗೊಳಿಸುವ ಮನೋವೈದ್ಯಕೀಯ ಕ್ರಮ. 1962ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಕ್ಯಾಲ್ವಿನ್ ಸ್ಟೀವನ್ಸ್ ಸಂಶ್ಲೇಷಿಸಿದ ಈ ದ್ರವ್ಯಕ್ಕೆ 1970ರಲ್ಲಿ ಆ ದೇಶದಲ್ಲಿ ಅರಿವಳಿಕೆಯಾಗಿ ಮನ್ನಣೆ ದೊರೆಯಿತು. 2000ದಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಕಿರುಪ್ರಯೋಗವು ಅದರ ಖಿನ್ನತಾಹರ ಗುಣವನ್ನು ತೋರಿಸಿತು.

ಮಿದುಳಿನಲ್ಲಿ ಗ್ಲುಟಮೇಟ್ ಎಂಬ ನರಸಂವಾಹಕದ ಎನ್‌ಎಂಡಿಎ ಗ್ರಾಹಕಗಳನ್ನು ತಡೆಯುವ ಈ ಔಷಧವನ್ನು ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.5 ಮಿಲಿಗ್ರಾಮಿನಂತೆ 40 ನಿಮಿಷಗಳ ಕಾಲ ರಕ್ತನಾಳಕ್ಕೆ ಹನಿಸುವರು. ವಾರಗಟ್ಟಲೆ ಕಾಯಿಸುವ ರೂಢಿಯ ಗುಳಿಗೆಗಳಿಗಿಂತ ಭಿನ್ನವಾಗಿ, ಇದರ ಫಲವು ಕೆಲವು ಗಂಟೆಗಳಲ್ಲಿಯೇ ಕಾಣಿಸಿಕೊಂಡು, ಒಂದೇ ಸಲ ಕೊಟ್ಟಾಗ ಬಹುಮಟ್ಟಿಗೆ ಒಂದೆರಡು ವಾರಗಳೊಳಗೆ ಕ್ಷೀಣಿಸುವುದರಿಂದ ಪುನರಾವರ್ತನೆ ಅವಶ್ಯಕವಾಗುತ್ತದೆ. ಕೆಟಮೈನಿನ ಒಂದು ರೂಪವಾದ ಎಸ್‌ಕೆಟಮೈನ್ ಎಂಬ ಮೂಗಿನ ತುಂತುರೌಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ನಿತ್ಯದ ಚಿಕಿತ್ಸೆಯನ್ನು ಹೋಲುವಂತೆ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ, ಚಿತ್ತವಿಕಲತೆಯಿಲ್ಲದ ಖಿನ್ನರನ್ನು ಕುರಿತ ತುಲನಾತ್ಮಕ ಅಧ್ಯಯನದಲ್ಲಿ ಕೆಟಮೈನ್ ಪಡೆದವರ ಪೈಕಿ ಶೇ. 55.4 ಮಂದಿಗೂ ವಿದ್ಯುತ್ಕಂಪನ ಚಿಕಿತ್ಸೆ ಪಡೆದವರ ಪೈಕಿ ಶೇ. 41.2 ಮಂದಿಗೂ ಗುಣ ಕಂಡಿತು. ಆದರೆ ತಮಗೆ ದೊರೆತ ಚಿಕಿತ್ಸೆ ಯಾವುದೆಂಬುದು ರೋಗಿಗಳಿಗೆ ತಿಳಿದಿದ್ದುದರಿಂದ, ಅವರ ನಿರೀಕ್ಷೆಯೂ ಫಲಿತಾಂಶದ ಮೇಲೆ ಪ್ರಭಾವ ಬೀರಿರಬಹುದು.

ಔಷಧ ಪಡೆದಾಗ ರೋಗಿಗೆ ತಾನು ದೇಹದಿಂದ ಬೇರ್ಪಟ್ಟಂತೆ ಭಾಸವಾಗುವುದೂ ರಕ್ತದೊತ್ತಡ ಏರುವುದೂ ಉಂಟಾದುದರಿಂದ, ತುಂತುರೌಷಧ ಪಡೆದವರನ್ನು ಕನಿಷ್ಠ 2 ಗಂಟೆ ವೈದ್ಯರ ನಿಗಾದಲ್ಲಿರಿಸುವರು. ದೀರ್ಘಕಾಲದ ದುರ್ಬಳಕೆಯು ವ್ಯಸನಕ್ಕೂ ಮೂತ್ರಕೋಶದ ಹಾನಿಗೂ ಎಡೆಗೊಡುತ್ತದೆ. ಆದಕಾರಣ ಇದು ಮೊದಲ ಮದ್ದಲ್ಲ; ಇತರ ಉಪಾಯಗಳು ವಿಫಲವಾದ ರೋಗಿಗಳಿಗೆ ತಜ್ಞರ ಮೇಲ್ವಿಚಾರಣೆಯಲ್ಲಿ ಸಲ್ಲುವ ಮಹತ್ತ್ವದ ಚಿಕಿತ್ಸೆಯಾಗಿದೆ.